ಏಳೂರಿನ ತಗಡು

ಗಿಯಾ ಊರು
22 ಜನವರಿ 2012

ತಮ್ಮ ಗಾರ್ಸುವಾನಿಗೆ,

ಈ ಕಾಗದವನ್ನು ಮರದ ಲಾರಿಯ ಫ್ಲೋಮೋ ಕೈಯಲ್ಲಿ ಕಳಿಸುತ್ತಿದ್ದೇನೆ. ನಮ್ಮ ಕಾಡಿನ ಮರವನ್ನು ಮನ್ರೋವಿಯಾಕ್ಕೆ ಹೊರುವವನು ನಮ್ಮ ಕಾಗದವನ್ನೂ ಹೊರಲಿ ಎಂದೆ. "ಅಕ್ಕಾ, ಮರಕ್ಕೆ ಕಂಪನಿ ಬಾಡಿಗೆ ಕೊಡುತ್ತೆ. ನಿನ್ನ ಕಾಗದಕ್ಕೆ ಒಂದು ತಟ್ಟೆ ಡಂಬಾಯ್ ಆದ್ರೂ ಬೇಡ್ವಾ?" ಎಂದ. ಮರಗೆಣಸು ಬೇಯಿಸಿ ಕುಟ್ಟಿ ಮಾಡಿಕೊಟ್ಟೆ. ಸಾರು ಖಾರ ಎಂದು ಕಣ್ಣೊರೆಸಿಕೊಳ್ಳುತ್ತಲೇ ಎರಡನೇ ಸಲವೂ ಹಾಕಿಸಿಕೊಂಡ.

ವಿಷಯಕ್ಕೆ ಬರುತ್ತೇನೆ. ನೀನು ಕಾಡಿನ ಪಾಲು ಹಂಚುವ ಕಚೇರಿಯಲ್ಲಿ ಕೂರುವವನು. ನಮ್ಮ ಏಳು ಊರುಗಳ ಕಾಡಿನಿಂದ ಲಾರಿಗಳು ಹೋಗುತ್ತಿರುವುದು ಇದು ಮೂರನೇ ಬೇಸಿಗೆ. ಕಂಪನಿ ಸರ್ಕಾರಕ್ಕೆ ಕಟ್ಟುವ ಹಣದಲ್ಲಿ ನಮಗೂ ಪಾಲಿದೆ ಎಂದು ಕಾನೂನು ಓದಿ ಹೇಳಿದವರು ನೀವೇ. ಸಮಿತಿ ಮಾಡಿ, ಹೆಂಗಸರ ಪರವಾಗಿ ನನ್ನನ್ನು ಕೂರಿಸಿದ್ದೂ ನೀವೇ. ಕೂತಿದ್ದೇನೆ. ಪಾಲು ಎಲ್ಲಿ?

ಹೆಂಗಸರು ಕೇಳುತ್ತಿರುವುದು ಒಂದೇ. ದವಾಖಾನೆಯ ಪಕ್ಕದಲ್ಲಿ ಬಸುರಿಯರು ದಿನ ತುಂಬುವವರೆಗೆ ಉಳಿಯಲು ಒಂದು ಮನೆ. ದವಾಖಾನೆಗೆ ಇರುವುದು ಒಂದೇ ಕೋಣೆ. ನೋವು ಬರುವ ತನಕ ನರ್ಸ್ ಕೊರ್ಪೋ ಯಾರನ್ನೂ ಒಳಗೆ ಬಿಡುವುದಿಲ್ಲ, ಬಿಡಲು ಜಾಗವೂ ಇಲ್ಲ. ದೂರದ ಊರಿನವರು ನೋವು ಬಂದ ಮೇಲೆ ಜೋಲಿಯಲ್ಲಿ ಹೊರಡುತ್ತಾರೆ. ನನ್ನ ಮಗಳು ಮರ್ತಲೀನಳ ಮೊದಲ ಕೂಸು ಆ ದಾರಿಯಲ್ಲೇ ಹುಟ್ಟಿ ಆ ದಾರಿಯಲ್ಲೇ ಹೋಯಿತು.

"ನಿನ್ನ ಮನೆ ದವಾಖಾನೆಯ ಎದುರಿಗೇ ಇದೆಯಲ್ಲ, ಮಗಳನ್ನು ಕರೆಸಿಕೋ" ಎಂದು ನಿನ್ನ ಹೆಂಡತಿ ಕಂಫರ್ಟ್ ಹಿಂದೊಮ್ಮೆ ಹೇಳಿದ್ದಳು. ಪೇಟೆಯಲ್ಲಿ ಹುಟ್ಟಿದವಳು, ಹೇಳುತ್ತಾಳೆ. ಅಳಿಯ ಟೀಯಾ ಹೆಣ್ಣಿಗೆ ಕೊಡಬೇಕಾದ ತೆರವನ್ನು ಇನ್ನೂ ಪೂರ್ತಿ ಕೊಟ್ಟಿಲ್ಲ. ತೆರ ತೀರದೆ ಹೆಣ್ಣಿನ ತವರಿನ ಸೂರಿನ ಕೆಳಗೆ ಹುಟ್ಟಿದ ಕೂಸು ತವರಿನದಾಗುತ್ತದೆ. ಅವನ ಕಡೆಯವರು ಕಳಿಸುವುದಿಲ್ಲ. ನಾನು ಅವರ ಜಾಗದಲ್ಲಿದ್ದರೆ ನಾನೂ ಕಳಿಸುತ್ತಿರಲಿಲ್ಲ. ಅದಕ್ಕೇ ಯಾರ ಮನೆಯೂ ಅಲ್ಲದ ಒಂದು ಮನೆ ಬೇಕು.

ಗೋಡೆ ನಾವು ಕಟ್ಟಿಕೊಳ್ಳುತ್ತೇವೆ. ಸೂರಿಗೆ ಮಾತ್ರ ಪಾಲಿನ ಹಣ. ಬರುತ್ತದೋ ಇಲ್ಲವೋ ಬರೆ. ಬರದಿದ್ದರೆ ನಾವು ನಮ್ಮ ಹೊಲ ನೋಡಿಕೊಳ್ಳುತ್ತೇವೆ.

ನಿನ್ನ ಅಕ್ಕ,
ಮಾರ್ಡಿಯಾ


ಮನ್ರೋವಿಯಾ
9 ಫೆಬ್ರವರಿ 2012

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದ ದಿನವೇ ವಿಚಾರಿಸಿದೆ. ನಮ್ಮ ಏಳು ಊರುಗಳ ಹೆಸರು ಮೊದಲ ಪಟ್ಟಿಯಲ್ಲಿದೆ. ಕಡತ ಮೇಲಕ್ಕೆ ಹೋಗಿದೆ. ಮಾರ್ಚ್ ಮುಗಿಯುವುದರೊಳಗೆ ಹಣ ಬಿಡುಗಡೆಯಾಗುತ್ತದೆ ಎಂದು ನಮ್ಮ ಮೇಲಧಿಕಾರಿ ಸಭೆಯಲ್ಲೇ ಹೇಳಿದರು.

ಆದ್ದರಿಂದ ಗೋಡೆ ಶುರುಮಾಡಿ. ಕೆಲಸ ಆರಂಭಿಸಿದ ಊರಿಗೆ ಮೊದಲು ಕೊಡುವುದು ಇಲ್ಲಿನ ರೂಢಿ. ಉಳಿದ ಆರು ಊರಿನವರು ಸೇರಲಿ ಎಂದು ಕಾಯಬೇಡ. ಅವರನ್ನು ಕೂರಿಸಿ ಒಪ್ಪಿಸುವಷ್ಟರಲ್ಲಿ ಮಳೆ ಬರುತ್ತದೆ.

ನಾನೂ ಕಂಫರ್ಟಳೂ ಚೆನ್ನಾಗಿದ್ದೇವೆ. ಪೇನ್ಸ್‌ವಿಲ್‌ನಲ್ಲಿ ಮನೆಗೆಂದು ತೆಗೆದುಕೊಂಡ ಜಾಗಕ್ಕೆ ಬೇಲಿ ಹಾಕಿಸಿದ್ದೇವೆ. ಮುಂದಿನ ವರ್ಷ ಬುನಾದಿ. ಆಗ ನೀನು ಬಂದು ಮೊದಲ ಕಲ್ಲಿಡಬೇಕು.

ನಿನ್ನ ತಮ್ಮ,
ಗಾರ್ಸುವಾ


ಗಿಯಾ ಊರು
18 ಮಾರ್ಚ್ 2012

ತಮ್ಮನಿಗೆ,

ಗೋಡೆ ಎದ್ದಿದೆ. ಬಾಗಿಲಿನ ಮೇಲೆ ಇನ್ನೊಂದೇ ಸಾಲು ಇಟ್ಟಿಗೆ ಬಾಕಿ.

ಹೇಗೆ ಎದ್ದಿತು ಎಂದು ಹೇಳುತ್ತೇನೆ. ನಮ್ಮ ಹೆಂಗಸರ ಮುಯ್ಯಾಳು ಗುಂಪು ನಿನಗೆ ಗೊತ್ತು. ಈ ತಿಂಗಳು ಒಬ್ಬೊಬ್ಬರ ಹೊಲದಲ್ಲಿ ಸರದಿಯಂತೆ ಕುರುಚಲು ಕಡಿಯಬೇಕಿತ್ತು. ನಾನು ಚಾವಡಿಯಲ್ಲಿ ನಿನ್ನ ಕಾಗದ ಓದಿದೆ. ಎಲ್ಲರ ಸರದಿಯನ್ನೂ ಇಟ್ಟಿಗೆಗೆ ಕೊಡೋಣ ಎಂದೆ. ಮುದುಕಿ ಗ್ಬಾನಾ ಎದ್ದು ನಿಂತಳು.

"ಮಾರ್ಡಿಯಾ, ಇಟ್ಟಿಗೆ ಬೇಯಿಸ್ಕೊಂಡು ತಿನ್ನಕ್ಕಾಗುತ್ತಾ?"

"ನಿನ್ನ ಸೊಸೆ ಬಸುರಿ ಆದಾಗ ಎಲ್ಲಿ ಮಲಗಿಸ್ತೀಯ ಅಜ್ಜಿ? ಭತ್ತದ ಹೊಲದಲ್ಲಾ?"

"ನನ್ನ ಮಗನಿಗೆ ಮೊದ್ಲು ಹೆಂಡ್ತಿ ಸಿಗ್ಲಿ ಬಿಡು!" ಎಂದಳು. ಚಾವಡಿಯೆಲ್ಲ ನಕ್ಕಿತು. ನಗು ನಿಲ್ಲುವಷ್ಟರಲ್ಲಿ ಒಪ್ಪಿಗೆಯಾಗಿತ್ತು. ಮರುದಿನ ಮಣ್ಣು ತುಳಿಯಲು ಮೊದಲು ಬಂದವಳೂ ಅವಳೇ.

ಹೊಲಗಳು ಈ ವರ್ಷ ಚಿಕ್ಕವು. ಕೆಲವರು ಕಡಿದೇ ಇಲ್ಲ. ಅದು ನನ್ನ ಮಾತಿನ ಮೇಲೆ, ನಿನ್ನ ಕಾಗದದ ಮೇಲೆ.

ಇನ್ನೊಂದು. ಬರೆದದ್ದನ್ನು ಹೆಂಗಸರಿಗೆ ಓದಿಯೇ ಕಳಿಸುತ್ತೇನೆ, ಈ ಭಾಗವನ್ನು ಮಾತ್ರ ಯಾರಿಗೂ ಓದುವುದಿಲ್ಲ. ಜನವರಿಯಲ್ಲಿ ಬರೆಯಲಿಲ್ಲ, ಹೊಟ್ಟೆ ಕಾಣುವ ಮುಂಚೆ ಹೇಳಬಾರದು. ಮರ್ತಲೀನ್ ಮತ್ತೆ ಬಸುರಿ. ಆಗಸ್ಟಿಗೆ. ಆಗಸ್ಟ್ ಅಂದರೆ ಅವಳ ಊರಿಗೂ ನಮಗೂ ನಡುವೆ ಹಳ್ಳ ಹೇಗಿರುತ್ತದೆಂದು ನೀನು ಮರೆತಿರಲಾರೆ. ಜುಲೈಯಲ್ಲೇ ಬಂದು ಈ ಮನೆಯಲ್ಲಿ ಉಳಿಯಲಿ ಎಂದು ಟೀಯಾ ಕಡೆಯವರು ಒಪ್ಪಿದ್ದಾರೆ.

ಇಟ್ಟಿಗೆ ಬಿಸಿಲಿನಲ್ಲಿ ಒಣಗಿದ್ದು, ಸುಟ್ಟದ್ದಲ್ಲ. ಮಳೆಗೆ ಮೊದಲು ಸೂರು ಬೇಕು.

ಮಾರ್ಡಿಯಾ


ಮನ್ರೋವಿಯಾ
11 ಏಪ್ರಿಲ್ 2012

ಅಕ್ಕನಿಗೆ,

ಫ್ಲೋಮೋನ ಖಾಲಿ ಲಾರಿಯಲ್ಲಿ ತಗಡು ಕಳಿಸಿದ್ದೇನೆ. ಒಳ್ಳೆಯ ದಪ್ಪದ್ದು. ಮೊಳೆ, ತೊಲೆಯ ಮರಕ್ಕೆ ಹಚ್ಚುವ ಎಣ್ಣೆ ಎಲ್ಲ ಇದೆ.

ಇದು ಕಾಡಿನ ಪಾಲಿನ ಮೊದಲ ಕಂತು ಎಂದು ಚಾವಡಿಯಲ್ಲಿ ಹೇಳು. ಉಳಿದದ್ದು ನಂತರ ಬರುತ್ತದೆ.

ಮರ್ತಲೀನಳಿಗೆ ಕಂಫರ್ಟ್ ಎರಡು ಬಟ್ಟೆ ಕಳಿಸಿದ್ದಾಳೆ. ಸೂರು ಹಾಕಿದ ಕೂಡಲೇ ಬರೆ.

ಗಾರ್ಸುವಾ


ಗಿಯಾ ಊರು
6 ಮೇ 2012

ನನ್ನ ತಮ್ಮನಿಗೆ,

ಸೂರಾಯಿತು. ಮೊದಲ ಮಳೆ ನಿನ್ನೆ ಸಂಜೆ ಬಿತ್ತು. ಹೆಂಗಸರೆಲ್ಲ ಒಳಗೆ ನಿಂತು ತಗಡಿನ ಸದ್ದು ಕೇಳಿದೆವು. ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ, ಆದರೂ ಎಲ್ಲರೂ ಮಾತಾಡುತ್ತಲೇ ಇದ್ದರು. ಗ್ಬಾನಾ ಅಜ್ಜಿ ಮೂಲೆಯಲ್ಲಿ ಕಾಲು ಚಾಚಿ ಮಲಗಿ, "ನಾನೂ ಬಸುರಿ, ಇಲ್ಲೇ ಇರ್ತೀನಿ, ಎದ್ದೇಳ್ಸಬೇಡಿ" ಎಂದಳು.

ಸರ್ಕಾರ ಕೊಡುತ್ತದೆ ಎಂದು ನಾನು ನಂಬಿರಲಿಲ್ಲ. ಈಗ ನಂಬುತ್ತೇನೆ. ಕಾಡಿನಿಂದ ಹೋದದ್ದು ಮೊದಲ ಸಲ ತಿರುಗಿ ಬಂದಿದೆ. ನಿನ್ನ ಹೆಸರನ್ನು ಚಾವಡಿಯಲ್ಲಿ ಮೂರು ಸಲ ಕೂಗಿದರು.

ಸುದ್ದಿ ಹಬ್ಬಿದೆ. ಸಮಿತಿಯ ಹಿರಿಯ ಝೀಗಾರ್ ಹಳ್ಳದಾಚೆಯ ಝಾಮೀ ಊರಿನಿಂದ ಮರ್ಯಾದೆಗೆ ಕೊಡುವ ಕೋಲಾ ಕಾಯಿ ಹಿಡಿದುಕೊಂಡು ಬಂದ. ಮರ್ತಲೀನಳನ್ನು ಕೊಟ್ಟ ಊರು ಅದೇ. ಗೋಡೆ ಮುಟ್ಟಲಿಲ್ಲ, ಒಳಗೆ ಬರಲಿಲ್ಲ. ಅಂಗಳದಲ್ಲಿ ನಿಂತು ಬಹಳ ಹೊತ್ತು ಸೂರನ್ನೇ ನೋಡಿದ. "ಚೆನ್ನಾಗಿ ಹೊಳೀತಿದೆ ತಂಗಿ. ನಮ್ಮೂರಿಗೂ ಬಿಸಿಲು ಬೀಳುತ್ತೆ" ಎಂದು ಹೋದ. ಮುದುಕನಿಗೆ ಸಂತೋಷವಾಗಿದೆ.

ಉಳಿದ ಊರುಗಳ ಪಾಲು ಯಾವಾಗ? ಬರುತ್ತದೆ, ನನ್ನ ತಮ್ಮ ಅಲ್ಲೇ ಇದ್ದಾನೆ ಎಂದು ಎಲ್ಲರಿಗೂ ಹೇಳಿದ್ದೇನೆ.

ಮಾರ್ಡಿಯಾ


ಮನ್ರೋವಿಯಾ
27 ಮೇ 2012

ಅಕ್ಕನಿಗೆ,

ಸೂರಾದದ್ದು ಕೇಳಿ ಸಮಾಧಾನವಾಯಿತು. ತಗಡಿನ ವಿಷಯ ಬೇರೆ ಊರಿನವರ ಹತ್ತಿರ ಹೆಚ್ಚು ಮಾತಾಡಬೇಡ. ಯಾರಾದರೂ ಕೇಳಿದರೆ ಕಾಯಲು ಹೇಳು. ಲೆಕ್ಕ, ರಸೀದಿ ಏನಾದರೂ ಕೇಳಿದರೆ ನನಗೆ ಬರೆಯಲು ಹೇಳು.

ಮರ್ತಲೀನ್ ಜುಲೈವರೆಗೆ ಕಾಯುವುದೇಕೆ? ಈಗಲೇ ಬಂದು ಇರಲಿ.

ನಾವು ಮನೆ ಬದಲಾಯಿಸಿದ್ದೇವೆ. ಒಂದೇ ಕೋಣೆ, ಆದರೆ ಕಚೇರಿಗೆ ಹತ್ತಿರ. ಕಂಫರ್ಟ್ ಕೆಲವು ದಿನಕ್ಕೆಂದು ತವರಿಗೆ ಹೋಗಿದ್ದಾಳೆ. ಬುನಾದಿಯ ಮಾತು ಸದ್ಯಕ್ಕೆ ಬೇಡ.

ಗಾರ್ಸುವಾ


ಗಿಯಾ ಊರು
17 ಜೂನ್ 2012

ತಮ್ಮನಿಗೆ,

ಮಳೆ ಜೋರಾಗಿ ದಾರಿ ಮುಚ್ಚುವ ಮುಂಚೆ ಇದೇ ಕೊನೆಯ ಲಾರಿ ಎಂದು ಫ್ಲೋಮೋ ಅವಸರ ಮಾಡುತ್ತಿದ್ದಾನೆ. ಕೆಲಸ ನಿಲ್ಲಿಸಿದ ಕಂಪನಿಯವರು ಫೋನಿನ ಗೋಪುರವನ್ನೂ ಆರಿಸಿ ಹೋಗಿದ್ದಾರೆ. ಹಾಗಾಗಿ ನಡೆದದ್ದಷ್ಟೇ ಬರೆಯುತ್ತೇನೆ.

ಗುರುವಾರ ಏಳೂರಿನ ಹಿರಿಯರು ನಮ್ಮ ಚಾವಡಿಗೆ ಬಂದರು. ಝೀಗಾರ್ ಮಾತು ಶುರುಮಾಡಿದ.

"ತಂಗಿ, ಒಂದು ಕೇಳ್ತೀನಿ. ನಿನ್ನ ಗಂಡ ಇದ್ದಾಗ ಅವನ ಉರುಲಿಗೆ ಜಿಂಕೆ ಬಿದ್ರೆ ಅದು ಯಾರ್ದು?"

"ಅವನ್ದು."

"ಏಳೂರಿನ ಕಾಡಲ್ಲಿ ಎಲ್ರೂ ಬೇಟೆಗೆ ಹೋಗಿ ಹೊಡೆದ್ರೆ?"

"ಏಳೂರಿಂದು."

"ಈ ತಗಡು ಉರುಲಿಗೆ ಬಿದ್ದದ್ದಾ, ಕಾಡಲ್ಲಿ ಹೊಡೆದದ್ದಾ?"

ನಾನು ಏನು ಹೇಳಬೇಕಿತ್ತು, ಗಾರ್ಸುವಾ? ನಿನ್ನ ಕಾಗದವನ್ನು ನಾನೇ ಗಟ್ಟಿಯಾಗಿ ಓದಿದ್ದೆ. ಕಾಡಿನ ಪಾಲು ಎಂದೆ.

"ಮನೆ ಏಳೂರಿನ ಹೆಂಗಸ್ರಿಗೂ ತಾನೇ" ಎಂದೆ.

"ಏಳೂರಿನ ಮನೆ ಆಗಿದ್ರೆ ಇಟ್ಟಿಗೆ ಹಾಕಕ್ಕೆ ಏಳೂರನ್ನೂ ಕರೀಬೇಕಿತ್ತು. ಗೋಡೆ ನೀವು ಕಟ್ಟಿದ್ದು, ಗೋಡೆ ನಿಮ್ದು, ಯಾರೂ ಮುಟ್ಟಲ್ಲ. ಆದ್ರೆ ಪಾಲನ್ನ ಒಂದೂರು ಹೊದ್ಕೊಂಡು ಕೂತ್ರೆ ಅದಕ್ಕೆ ಏನಂತಾರೆ, ನೀನೇ ಹೇಳು. ನೀನು ಸಮಿತಿಯವ್ಳು."

"ಉಳಿದ ಪಾಲು ಬರುತ್ತೆ, ಕಾಯ್ರಿ."

"ಮೂರು ಬೇಸಿಗೆ ಕಾದಿದ್ದೀವಿ ತಂಗಿ. ಬಂದಿದ್ದು ಇಷ್ಟೇ. ಇದನ್ನ ಹಂಚ್ಕೊಳ್ಳೋಣ, ಆಮೇಲೆ ಕೂತು ಕಾಯೋಣ."

ನಮ್ಮೂರ ಹೆಂಗಸರು ಕೂಗಾಡಿದರು. ಗ್ಬಾನಾ ಬಾಗಿಲಿಗೆ ಅಡ್ಡ ಕೂತಳು. ಅವಳನ್ನು ಎಬ್ಬಿಸಿದ್ದು ನಾನು. ಏಕೆಂದರೆ ಝೀಗಾರ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಂಪನಿಯವರು, ಸರ್ಕಾರದವರು ನಮ್ಮ ಪಾಲಿನ ಮೇಲೆ ಕೂತಿದ್ದಾರೆ ಎಂದು ಮೂರು ವರ್ಷ ಬೈದ ಬಾಯಿಂದ ನಾನು ಇನ್ನೇನು ಹೇಳಲಿ? ಗಂಡಸರು ಏಣಿ ಹಾಕಿ ತಗಡು ಇಳಿಸಿದರು. ಏಳು ರಾಶಿ ಮಾಡಿದ್ದು ನಾನೇ. ಬಾಗಿದ ತಗಡುಗಳನ್ನು ನಮ್ಮೂರಿನ ರಾಶಿಗೆ ಹಾಕಿಕೊಂಡೆ.

ಝಾಮೀ ಊರಿನ ಪಾಲು ಹೊರಲು ಟೀಯಾನೇ ಬಂದಿದ್ದ. "ಅತ್ತೆ, ಶಾಲೆ ಚಪ್ಪರಕ್ಕೆ ಹಾಕ್ತೀವಿ. ಮಕ್ಕಳು ನೆನೆಯಲ್ಲ ಇನ್ನು" ಎಂದ. ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. ತಲೆಯ ಮೇಲೆ ಹೊತ್ತು ನಗುತ್ತಾ ಹೋದ.

ನಮ್ಮ ಪಾಲಿನ ತಗಡು ಒಂದು ಮೂಲೆಯನ್ನು ಮುಚ್ಚುತ್ತದೆ. ಉಳಿದದ್ದಕ್ಕೆ ತಾಳೆ ಗರಿ ಹೊದಿಸಬೇಕು. ಗರಿ ಕಡಿಯಲು ಮುಯ್ಯಾಳು ಕರೆದೆ. ಯಾರೂ ಬರಲಿಲ್ಲ. ಹೊಲಕ್ಕೆ ಹೋಗುತ್ತೇವೆ, ಇದ್ದಷ್ಟಾದರೂ ಉಳಿಸಿಕೊಳ್ಳುತ್ತೇವೆ ಎಂದರು. ನಾನು ಒಬ್ಬಳೇ ಕಡಿಯುತ್ತಿದ್ದೇನೆ.

ಎರಡನೇ ಕಂತು ಬೇಗ ಕಳಿಸಲು ಹೇಳು.

ಮಾರ್ಡಿಯಾ


ಮನ್ರೋವಿಯಾ
2 ಜುಲೈ 2012

ಅಕ್ಕಾ,

ಎರಡನೇ ಕಂತು ಇಲ್ಲ. ಮೊದಲನೆಯದೂ ಇರಲಿಲ್ಲ.

ತಗಡು ನನ್ನದು. ಪೇನ್ಸ್‌ವಿಲ್‌ನ ಜಾಗ ಮಾರಿ ಕೊಂಡದ್ದು. ಮಾರ್ಚಿನಲ್ಲಿ ಹಣ ಬಿಡುಗಡೆಯಾಗಲಿಲ್ಲ. ಈ ವರ್ಷ ಆಗುವುದಿಲ್ಲ ಎಂದು ಏಪ್ರಿಲ್ ಮೊದಲ ವಾರದಲ್ಲೇ ನಮಗೆ ತಿಳಿದಿತ್ತು. ನನ್ನ ಮಾತು ನಂಬಿ ನೀವು ಹೊಲ ಬಿಟ್ಟಿದ್ದಿರಿ. ತಗಡು ನನ್ನದು ಎಂದು ಹೇಳಿದ್ದರೆ ಪಾಲು ಬಂದಿಲ್ಲ ಎಂಬುದನ್ನೂ ಹೇಳಬೇಕಿತ್ತು. ಕಚೇರಿಯನ್ನು ನಂಬಿ ಎಂದು ಊರೂರು ತಿರುಗಿ ಹೇಳಿದವನು ನಾನು.

ಉರುಲಿನ ನ್ಯಾಯ ನನಗೂ ಗೊತ್ತಿತ್ತು. ಅಪ್ಪ ಮಾಂಸ ಹಂಚುವಾಗ ಎಲೆ ಹಾಸುತ್ತಿದ್ದವನು ನಾನು. ಇಲ್ಲಿ ಕೂತು ಅದು ನೆನಪಿಗೇ ಬರಲಿಲ್ಲ.

ಇದನ್ನು ಚಾವಡಿಯಲ್ಲಿ ಓದು. ಎಲ್ಲ ಓದು. ಇದು ಮಾರ್ಡಿಯಾಳ ತಮ್ಮನ ಉರುಲಿಗೆ ಬಿದ್ದದ್ದು ಎಂದು ಹೇಳು. ಝೀಗಾರ್ ಪ್ರಾಮಾಣಿಕ ಮನುಷ್ಯ, ಒಂದೇ ದಿನದಲ್ಲಿ ಎಲ್ಲ ತಿರುಗಿ ಬರುತ್ತದೆ. ಸೂರು ಹಾಕಿಸಿ ಮರ್ತಲೀನಳನ್ನು ಕೂಡಲೇ ಕರೆಸು.

ಲಾರಿ ಹೋಗುವುದಿಲ್ಲ ಎಂದು ಫ್ಲೋಮೋ ಹೇಳುತ್ತಾನೆ. ಹೇಗಾದರೂ ದಾಟಿಸು ಎಂದು ಅವನ ಕೈಯಲ್ಲಿ ಕೊಟ್ಟಿದ್ದೇನೆ.

ಗಾರ್ಸುವಾ


ಗಿಯಾ ಊರು
14 ಅಕ್ಟೋಬರ್ 2012

ಗಾರ್ಸುವಾ,

ಮಳೆ ಹಿಂದೆಗೆದ ಮೇಲಿನ ಮೊದಲ ಲಾರಿ ಇವತ್ತು ಬಂತು. ಜುಲೈಯ ನಿನ್ನ ಕಾಗದ ಫ್ಲೋಮೋ ಕೊಟ್ಟ. ದಾರಿ ಇರಲಿಲ್ಲ ಅಕ್ಕಾ ಎಂದ. ಅವನಿಗೆ ಊಟ ಹಾಕಿದೆ.

ಹಳ್ಳದ ಕಡೆಯ ಗೋಡೆ ಜೂನ್ ಕೊನೆಯಲ್ಲೇ ಕುಸಿದು ಕೂತಿತು. ಉಳಿದ ಮೂರು ಒಂದೊಂದಾಗಿ ಕರಗಿದವು. ಈಗ ಅಲ್ಲಿ ಒಂದು ದಿಬ್ಬವಿದೆ, ಮೇಲೆ ಹುಲ್ಲು ಬಂದಿದೆ.

ಮನೆ ಇಲ್ಲವಾದ್ದರಿಂದ ಮರ್ತಲೀನ್ ಜುಲೈಯಲ್ಲಿ ಬರಲಿಲ್ಲ. ನಾನು ಹಳ್ಳ ದಾಟಿ ಹೋಗಿ ಟೀಯಾನ ತಾಯಿಯ ಮುಂದೆ ಕೂತೆ. "ಕೂಸು ನನ್ನದು ಅನ್ನಲ್ಲ, ಏಳೂರಿನ ಮುಂದೆ ಆಣೆ ಮಾಡ್ತೀನಿ, ಕಳಿಸಿ" ಎಂದೆ. "ಬೀಗಿತ್ತಿ, ನೀವು ಅನ್ನಲ್ಲ, ನಿಮ್ಮ ಮೈದುನರು ಅಂತಾರೆ" ಎಂದಳು. ಅದೂ ಸುಳ್ಳಲ್ಲ.

ಆಗಸ್ಟ್ ಹನ್ನೊಂದಕ್ಕೆ ನೋವು ಬಂತು. ಟೀಯಾ ಮತ್ತು ಇನ್ನು ಮೂವರು ಜೋಲಿಯಲ್ಲಿ ಹೊತ್ತು ಹೊರಟರು. ಹಳ್ಳ ಬಿಡಲಿಲ್ಲ. ಆಚೆ ದಡದಲ್ಲಿ ಅವರು, ಈಚೆ ದಡದಲ್ಲಿ ನಾನು ಮತ್ತು ಕೊರ್ಪೋ. ಮರ್ತಲೀನಳ ಕೂಗು ನೀರಿನ ಸದ್ದಿನಲ್ಲಿ ಮೊದಲು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಟೀಯಾ ಎರಡೂ ಕೈ ತಲೆಯ ಮೇಲಿಟ್ಟುಕೊಂಡದ್ದು ಕಂಡಿತು.

ಕೂಸೂ ಇಲ್ಲ. ಇಬ್ಬರನ್ನೂ ಅಲ್ಲೇ ಝಾಮೀ ಊರಿನಲ್ಲಿ ಇಟ್ಟಿದ್ದಾರೆ.

ನಿನ್ನ ಕಾಗದವನ್ನು ಚಾವಡಿಯಲ್ಲಿ ಓದಲಿಲ್ಲ. ಓದುವುದೂ ಇಲ್ಲ.

ಏಕೆಂದು ಕೇಳು. ಕಳೆದ ತಿಂಗಳು ಯಾರೋ ರೇಡಿಯೋದಲ್ಲಿ ಹೇಳಿದರಂತೆ, ಕಾಡಿನ ಪಾಲು ಇನ್ನೂ ಯಾವ ಊರಿಗೂ ಮುಟ್ಟಿಲ್ಲ ಎಂದು. ಟೀಯಾ ಅದನ್ನು ಕೇಳಿದ್ದಾನೆ. ಮರುದಿನ ಬಂದು ನನ್ನ ಅಂಗಳದಲ್ಲಿ ಕೂತ.

"ಅತ್ತೆ, ಹಾಗಾದ್ರೆ ಆ ತಗಡು ಎಲ್ಲಿಂದು?"

"ಕಾಡಿನ ಪಾಲು."

"ರೇಡಿಯೋದವ್ರು..."

"ರೇಡಿಯೋದವ್ರಿಗೇನು ಗೊತ್ತು? ಅವ್ರು ಬಂದು ನೋಡಿದ್ರಾ?"

"ಪಾಲು ಅಲ್ದೇ ಇದ್ರೆ, ನಾನು ಹೊತ್ಕೊಂಡು ಹೋಗಿದ್ದು..." ಎಂದು ನಿಲ್ಲಿಸಿದ.

ಆಮೇಲೂ ಬಂದ. ಬರುತ್ತಲೇ ಇದ್ದಾನೆ. ಅನ್ನ ಹಾಕಿದರೆ ತಟ್ಟೆ ಹಿಡಿದುಕೊಂಡೇ ಕೂರುತ್ತಾನೆ. ಅದೇ ಮಾತನ್ನು ಬೇರೆ ಬೇರೆ ರೀತಿ ಕೇಳುತ್ತಾನೆ. "ಗೋಡೆ ಮಳೆಗೆ ಬಿದ್ದಿದ್ದು ತಾನೇ? ತಗಡಿದ್ರೂ ಬೀಳ್ತಿತ್ತು ಅಲ್ವಾ ಅತ್ತೆ?" ಬೀಳುತ್ತಿತ್ತು ಎನ್ನುತ್ತೇನೆ. ಅವನು ನಂಬಲು ಪ್ರಯತ್ನಿಸುತ್ತಾನೆ. ತಗಡು ಪಾಲಿನದು ಎಂದು ಅವನಿಗೆ ಹೇಳಿದ್ದು ನಿಜ ಎಂದೇ ಇವತ್ತಿನವರೆಗೆ ನಾನೂ ತಿಳಿದಿದ್ದೆ. ನಾಳೆಯಿಂದ ಸುಳ್ಳೆಂದು ತಿಳಿದೂ ಹೇಳಬೇಕು.

ನನಗೆ ನಿನ್ನ ಮೇಲೆ ಕೋಪವಿದೆಯೇ ಎಂದು ಬರೆಯುವುದಿಲ್ಲ. ಅದಕ್ಕೆ ಈಗ ಸಮಯವಿಲ್ಲ. ಒಂದು ಕೆಲಸ ಮಾಡು. ಏಳೂರಿನ ಹೆಸರಿಗೆ ಒಂದು ಕಾಗದ ಬರೆ, ಚಾವಡಿಯಲ್ಲಿ ಓದುವ ಹಾಗೆ. ಕಚೇರಿಯ ಮುದ್ರೆ ಹಾಕು. ತಗಡು ಕಾಡಿನ ಪಾಲೇ ಎಂದು ಬರೆ. ಮುದ್ರೆ ಇರುವ ಕಾಗದ ಕಂಡರೆ ಸರ್ಕಾರದವರು ನಾಳೆ ನಿಮ್ಮ ಪಾಲು ಕೊಟ್ಟಾಗಿದೆ ಅನ್ನಬಹುದು. ನಿನ್ನ ಕೆಲಸ ಹೋಗಬಹುದು. ಎರಡನ್ನೂ ಯೋಚಿಸಿದ್ದೇನೆ. ಆದರೂ ಬರೆ.

ಟೀಯಾನಿಗೆ ಇಪ್ಪತ್ತಾರು ವರ್ಷ.

ಮಾರ್ಡಿಯಾ


ಮನ್ರೋವಿಯಾ
5 ನವೆಂಬರ್ 2012

ಗಿಯಾ, ಝಾಮೀ ಹಾಗೂ ಉಳಿದ ಐದು ಊರುಗಳ ಹಿರಿಯರಿಗೆ, ಹೆಂಗಸರಿಗೆ, ಗಂಡಸರಿಗೆ:

ಕಳೆದ ಏಪ್ರಿಲ್ ತಿಂಗಳಲ್ಲಿ ಗಿಯಾ ಊರಿಗೆ ಬಂದ ತಗಡು ಏಳೂರಿನ ಕಾಡಿನ ಪಾಲಿಗೆ ಸೇರಿದ್ದು ಎಂದು ಈ ಮೂಲಕ ತಿಳಿಸುತ್ತೇನೆ. ಈ ವಿಷಯದಲ್ಲಿ ರೇಡಿಯೋದಲ್ಲಿ ಬಂದ ಸುದ್ದಿ ನಿಮ್ಮ ಊರುಗಳಿಗೆ ಅನ್ವಯಿಸುವುದಿಲ್ಲ. ಮುಂದಿನ ಕಂತಿನ ದಿನಾಂಕವನ್ನು ಹೇಳಲು ನನಗೆ ಅಧಿಕಾರವಿಲ್ಲ.

ಪಾಲನ್ನು ಏಳೂರಿನವರು ಕೂತು ಹಂಚಿಕೊಂಡ ವಿವರ ನನಗೆ ತಲುಪಿದೆ. ಹಂಚಿಕೆ ನಿಮ್ಮ ಹಿರಿಯರ ನ್ಯಾಯದಂತೆ ನಡೆದಿದೆ. ಅದರಲ್ಲಿ ತಪ್ಪಿಲ್ಲ. ತನ್ನ ಊರಿನ ಪಾಲನ್ನು ಹೊತ್ತುಕೊಂಡು ಹೋದವನು ಯಾರದನ್ನೂ ಹೊತ್ತುಕೊಂಡು ಹೋಗಿಲ್ಲ.

ಗಾರ್ಸುವಾ
ಗುಮಾಸ್ತ
(ಮುದ್ರೆ)